ತರಗತಿಯಲ್ಲಿ ವಿದ್ಯಾರ್ಥಿಯ ಮಾತಿಗೆ ಸ್ಥಾನವೆಷ್ಟು?

ಪ್ರವಾದಿವರ್ಯರು(ಸ) ಒಮ್ಮೆ ತಮ್ಮ ಅನುಚರರ ನಡುವೆ ಕುಳಿತಿದ್ದಾಗ ಒಂದು ಒಗಟು ಹಾಕಿದರು. ಎಲೆ ಉದುರದ ಒಂದು ಮರವಿದೆ, ಅದನ್ನು ಮುಸ್ಲಿಮನಿಗೆ ಹೋಲಿಸಬಹುದು, ಆ ಮರ ಯಾವುದೆಂದು ಕೇಳಿದರು. ಸಭೆಯಲ್ಲಿದ್ದವರ ಯೋಚನೆ ಮರುಭೂಮಿಯ ನಾನಾ ಮರಗಳ ಕಡೆಗೆ ಹರಿಯಿತು. ಅಲ್ಲಿ ಕುಳಿತಿದ್ದವರಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದ ಅಬ್ದುಲ್ಲಾ ಇಬ್ನು ಉಮರ್(ರ)ರಿಗೆ ಅದು ಖರ್ಜೂರದ ಮರವೆಂದು ತಟ್ಟನೆ ಹೊಳೆಯಿತು. ಆದರೆ ಹಝ್ರತ್ ಅಬೂಬಕರ್(ರ)ರಂತಹ ಹಿರಿಯರು ಸುಮ್ಮನಿದ್ದರು, ಸ್ವತಃ ತಂದೆ ಹಝ್ರತ್ ಉಮರ್(ರ) ಕೂಡ ಮೌನವಾಗಿದ್ದರು. ಇವರ ಮುಂದೆ ತಾನು ಬಾಯಿ ತೆರೆಯುವುದೇ ಎಂದು ಆ ಬಾಲಕ ಸಂಕೋಚಪಟ್ಟು ಸುಮ್ಮನಾದರು. ಕೊನೆಗೆ ಪ್ರವಾದಿವರ್ಯರೇ(ಸ) ಉತ್ತರ ತಿಳಿಸಿದರು. ಅದು ಖರ್ಜೂರದ ಮರವೇ ಆಗಿತ್ತು.

ಸಭೆ ಮುಗಿದ ಬಳಿಕ ಮಗ ತಂದೆಯೊಡನೆ ವಿಷಯ ಹೇಳಿದರು. ನಮ್ಮಲ್ಲಿನ ಒಬ್ಬ ತಂದೆಯಾಗಿದ್ದರೆ ಏನು ಹೇಳುತ್ತಿದ್ದರು? ದೊಡ್ಡವರ ಮುಂದೆ ಬಾಯಿ ಹಾಕದೆ ಒಳ್ಳೆಯದು ಮಾಡಿದೆ ಮಗನೇ ಎಂದು ಬೆನ್ನು ತಟ್ಟುತ್ತಿದ್ದರು. ಹಝ್ರತ್ ಉಮರ್(ರ) ಹಾಗೆ ಹೇಳಲಿಲ್ಲ. ನೀನು ಅದನ್ನು ಅಲ್ಲಿ ಹೇಳಿಬಿಟ್ಟಿದ್ದರೆ ಇಂತಿಂತಹ ಸಂಪತ್ತು ದೊರೆತುದಕ್ಕಿಂತ ಹೆಚ್ಚಿನ ಸಂತೋಷ ನನಗಾಗುತ್ತಿತ್ತು ಎಂಬ ಅರ್ಥದ ಮಾತನ್ನಾಡಿದರು. ಮಗನ ಮೌನದಲ್ಲಿ ಅವರಿಗೆ ವಿನಯಕ್ಕಿಂತ ಮೊದಲು ಕಂಡದ್ದು ನಷ್ಟ.

ಇಮಾಮ್ ಬುಖಾರಿ(ರ) ಈ ಘಟನೆಯನ್ನು ತಮ್ಮ ಗ್ರಂಥದ ವಿದ್ಯೆಯ ಭಾಗದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ತಂದಿದ್ದಾರೆ. ಒಂದು ಕಡೆ ಗುರುವು ಶಿಷ್ಯರ ತಿಳಿವಳಿಕೆಯನ್ನು ಒರೆಗೆ ಹಚ್ಚಲು ಪ್ರಶ್ನೆ ಹಾಕುವುದಕ್ಕೆ ಇದನ್ನು ಆಧಾರವಾಗಿ ಕೊಟ್ಟರೆ, ಇನ್ನೊಂದು ಕಡೆ ವಿದ್ಯಾರ್ಜನೆಯಲ್ಲಿ ನಾಚಿಕೆ ಎಂಬ ಅಧ್ಯಾಯದಡಿ ಇಟ್ಟಿದ್ದಾರೆ. ಅದೇ ಅಧ್ಯಾಯದ ಆರಂಭದಲ್ಲಿ, ನಾಚುವವನಿಗೂ ಅಹಂಕಾರಿಗೂ ವಿದ್ಯೆ ಒಲಿಯದೆಂಬ ಮುಜಾಹಿದ್(ರ)ರ ಅಭಿಪ್ರಾಯವನ್ನು ಉಲ್ಲೇಖಿಸಿದ್ದಾರೆ. ಲಜ್ಜೆಯು ಸತ್ಯವಿಶ್ವಾಸದ ಅಂಗವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ, ಅದು ಸರಿಯೇ. ಆದರೆ ಕೆಡುಕಿನಿಂದ ಹಿಂಜರಿಯುವ ಲಜ್ಜೆ ಬೇರೆ, ಕಲಿಕೆಯಿಂದ ಹಿಂಜರಿಯುವ ಅಳುಕು ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟುದರಿಂದ ನಮ್ಮ ಮಕ್ಕಳಿಗೆ ಆದ ಹಾನಿ ಸಣ್ಣದಲ್ಲ.

ನಮ್ಮ ಮನೆಗಳಲ್ಲಿ ಒಳ್ಳೆಯ ಮಗುವೆಂದರೆ ಯಾವುದು? ಮಾತಾಡದ ಮಗು. ಪಾಪದ ಹುಡುಗ, ಕೊಟ್ಟದ್ದು ತಿನ್ನುತ್ತಾನೆ, ಹೇಳಿದ್ದು ಕೇಳುತ್ತಾನೆ ಎಂದು ಹೊಗಳುತ್ತೇವೆ. ಶಾಲೆಯ ಅಧ್ಯಾಪಕರನ್ನು ಭೇಟಿಯಾದಾಗಲೂ ಮಗು ಗಲಾಟೆ ಮಾಡುತ್ತದೆಯೇ ಎಂದು ಕೇಳುವ ತಂದೆತಾಯಿಗಳೇ ಹೆಚ್ಚು. ಪ್ರಶ್ನೆ ಕೇಳುತ್ತದೆಯೇ, ತನಗನಿಸಿದ್ದನ್ನು ಹೇಳುತ್ತದೆಯೇ ಎಂದು ವಿಚಾರಿಸುವವರು ವಿರಳ. ಮದ್ರಸದಲ್ಲಂತೂ ಉಸ್ತಾದರು ಹೇಳಿದ್ದಕ್ಕೆ ಏಕೆ ಎಂದು ಕೇಳಿದ ಮಗುವನ್ನು ಅಹಂಕಾರಿ ಎನ್ನಲು ನಮಗೆ ಹೆಚ್ಚು ಹೊತ್ತು ಬೇಕಿಲ್ಲ. ಇದಕ್ಕೆಲ್ಲ ನಾವು ಅದಬ್ ಎಂಬ ದೊಡ್ಡ ಹೆಸರನ್ನು ಕೊಟ್ಟಿದ್ದೇವೆ. ಇಸ್ಲಾಮಿನ ಶಿಷ್ಟಾಚಾರವು ನಿಜಕ್ಕೂ ವಿದ್ಯಾರ್ಥಿಯಿಂದ ಮೌನವನ್ನೇ ಬಯಸುತ್ತದೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ದನಿ ತಗ್ಗಿರಲಿ, ಮಾತು ನಿಲ್ಲದಿರಲಿ

ಪ್ರವಾದಿವರ್ಯರ(ಸ) ದನಿಗಿಂತ ತಮ್ಮ ದನಿಯನ್ನು ಎತ್ತರಿಸಬಾರದೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದೆ. ಗುರುವಿನ ಮುಂದೆ ಶಿಷ್ಯನು ತುಟಿ ಬಿಚ್ಚಕೂಡದೆಂಬುದಕ್ಕೆ ಕೆಲವರು ಇದನ್ನೇ ಪುರಾವೆಯಾಗಿ ತರುತ್ತಾರೆ. ಆದರೆ ಆ ಸೂಕ್ತದ ವಿಷಯ ದನಿಯ ಏರಿಳಿತ. ಅದು ಅವತೀರ್ಣವಾದಾಗ ಹುಟ್ಟಿನಿಂದಲೇ ದೊಡ್ಡ ಕಂಠವಿದ್ದ ಸಾಬಿತ್ ಇಬ್ನು ಕೈಸ್(ರ) ತನ್ನ ಕರ್ಮಗಳೆಲ್ಲ ವ್ಯರ್ಥವಾದುವೆಂದು ಭಾವಿಸಿ ಮನೆಯೊಳಗೆ ತಲೆತಗ್ಗಿಸಿ ಕುಳಿತುಬಿಟ್ಟರು. ಪ್ರವಾದಿವರ್ಯರು(ಸ) ಅವರನ್ನು ಕಾಣದೆ ವಿಚಾರಿಸಿ, ಅವರು ಸ್ವರ್ಗವಾಸಿಗಳಲ್ಲಿ ಸೇರಿದವರೆಂದು ಹೇಳಿಕಳುಹಿಸಿದರು. ಹೆದರಿ ಸಭೆಗೇ ಬಾರದಾದ ಒಬ್ಬ ಅನುಚರನನ್ನು ಮರಳಿ ಕರೆತಂದ ರೀತಿಯನ್ನು ನೋಡಿರಿ. ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಮಗು ಕಾರಣವಿಲ್ಲದೆ ಮುದುಡಿ ಕುಳಿತಿದ್ದರೆ ಅದನ್ನು ಹುಡುಕಿ ವಿಚಾರಿಸುವ ಅಧ್ಯಾಪಕರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಕುರ್‌ಆನಿನ ಆರಂಭದ ಪುಟಗಳಲ್ಲೇ ಒಂದು ಪ್ರಶ್ನೆಯಿದೆ. ಭೂಮಿಯಲ್ಲಿ ಪ್ರತಿನಿಧಿಯನ್ನು ನಿಯೋಗಿಸುವೆನೆಂದು ಅಲ್ಲಾಹನು ತಿಳಿಸಿದಾಗ, ಕ್ಷೋಭೆ ಹಬ್ಬಿಸಿ ರಕ್ತ ಹರಿಸುವವನನ್ನು ಅಲ್ಲಿ ನೇಮಿಸುವೆಯಾ ಎಂದು ದೇವಚರರು ಕೇಳಿದರು. ಅದಕ್ಕಾಗಿ ಅವರನ್ನು ಶಿಕ್ಷಿಸಲಾಗಲಿಲ್ಲ, ಮುಂದೆ ಆದಮ(ಅ)ರ ಮೂಲಕ ಅವರಿಗೆ ಮನವರಿಕೆ ಮಾಡಿಕೊಡಲಾಯಿತು. ಪ್ರವಾದಿ ಇಬ್ರಾಹೀಮ್(ಅ) ಮೃತರಿಗೆ ಜೀವ ನೀಡುವ ಬಗೆಯನ್ನು ತೋರಿಸಬೇಕೆಂದು ತಮ್ಮ ಪ್ರಭುವನ್ನು ಬೇಡಿಕೊಂಡರು. ನಂಬಿಕೆ ಇದೆ, ಮನಸ್ಸಿಗೆ ಸಮಾಧಾನ ಬೇಕು ಎಂಬುದು ಅವರ ನಿವೇದನೆಯಾಗಿತ್ತು. ಅದೇ ಇಬ್ರಾಹೀಮ್(ಅ) ಬಲಿಯ ಕನಸು ಕಂಡಾಗ ಮಗನನ್ನು ಸುಮ್ಮನೆ ಎಳೆದೊಯ್ಯಲಿಲ್ಲ. ಕನಸನ್ನು ವಿವರಿಸಿ ನಿನ್ನ ಅಭಿಪ್ರಾಯವೇನೆಂದು ಅವನನ್ನೇ ಕೇಳಿದರು. ದೇವಾಜ್ಞೆಯ ವಿಷಯದಲ್ಲೇ ಮಗನ ಅಭಿಪ್ರಾಯ ಕೇಳಿದವರ ಪರಂಪರೆಯವರು ನಾವು. ಬಕ್ರೀದ್ ಖುತುಬದಲ್ಲಿ ವರ್ಷಂಪ್ರತಿ ಈ ಘಟನೆಯನ್ನು ಆಲಿಸುತ್ತೇವೆ, ಆದರೆ ಕೇಳಲಾದ ಆ ಪ್ರಶ್ನೆಯ ಮೇಲೆ ನಮ್ಮ ಗಮನ ಹೋಗುವುದಿಲ್ಲ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅಲ್ ಕಹ್ಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಖಿಝ್ರ್(ಅ)ರ ಬಳಿ ಕಲಿಯಲು ಹೋದಾಗ, ತಾನಾಗಿ ಹೇಳುವ ತನಕ ಏನನ್ನೂ ಕೇಳಬಾರದೆಂಬ ಶರತ್ತನ್ನು ಗುರು ಹಾಕಲಿಲ್ಲವೇ? ಹೌದು, ಹಾಕಿದರು. ಮೂಸಾ(ಅ) ತಾಳ್ಮೆ ವಹಿಸಿದ್ದರೆ ಅವರ ಇನ್ನಷ್ಟು ವೃತ್ತಾಂತ ನಮಗೆ ತಿಳಿಯುತ್ತಿತ್ತೆಂದು ಪ್ರವಾದಿವರ್ಯರು(ಸ) ಹಾರೈಸಿದ್ದೂ ಹದೀಸಿನಲ್ಲಿದೆ. ಪಾಠ ಮುಗಿಯುವ ಮೊದಲೇ ಅವಸರಪಡುವ ವಿದ್ಯಾರ್ಥಿಗೆ ಅದರಲ್ಲಿ ಎಚ್ಚರಿಕೆ ಇದ್ದೇ ಇದೆ. ಆದರೆ ಘಟನೆಯನ್ನು ಪೂರ್ತಿಯಾಗಿ ಓದಬೇಕು. ಮೂಸಾ(ಅ) ಬಾಯಿ ತೆರೆದದ್ದು ದೋಣಿಗೆ ತೂತು ಕೊರೆದಾಗ, ಒಬ್ಬ ಹುಡುಗನನ್ನು ಕೊಂದಾಗ. ಕಣ್ಣೆದುರು ಅನ್ಯಾಯವೆಂದು ತೋರಿದ್ದನ್ನು ನೋಡಿಕೊಂಡು ಸುಮ್ಮನಿರಲು ಒಬ್ಬ ಪ್ರವಾದಿಯ ಮನಸ್ಸಾಕ್ಷಿ ಒಪ್ಪಲಿಲ್ಲ. ಗುರು ಮೊದಲೆರಡು ಬಾರಿ ಶರತ್ತನ್ನು ನೆನಪಿಸಿದರು, ಕೈಯೆತ್ತಲಿಲ್ಲ. ಅಗಲುವ ಮುನ್ನ ಮೂರು ಪ್ರಶ್ನೆಗಳಿಗೂ ಒಂದೊಂದಾಗಿ ಕಾರಣ ವಿವರಿಸಿ, ಒಂದನ್ನೂ ಬಾಕಿ ಇರಿಸದೆ ಕಳುಹಿಸಿಕೊಟ್ಟರು. ಉತ್ತರ ಕೊಡದ ಗುರುವಿಗೆ ಈ ಅಧ್ಯಾಯದಲ್ಲಿ ಆಸರೆ ಸಿಗುವುದಿಲ್ಲ.

ಕೇಳಬಾರದ ಪ್ರಶ್ನೆ

ತರಗತಿಯಲ್ಲಿ ಕೇಳಬಾರದ ಪ್ರಶ್ನೆಯನ್ನು ಒಬ್ಬ ಹುಡುಗ ಕೇಳಿಬಿಟ್ಟರೆ ಏನು ಮಾಡಬೇಕು? ಇಮಾಮ್ ಅಹ್ಮದ್(ರ)ರ ಸಂಗ್ರಹದಲ್ಲಿ ಅಬೂ ಉಮಾಮಾ(ರ)ರಿಂದ ವರದಿಯಾದ ಒಂದು ಪ್ರಸಂಗವಿದೆ. ಪ್ರಾಯದ ಯುವಕನೊಬ್ಬ ಪ್ರವಾದಿ ಸನ್ನಿಧಿಗೆ ಬಂದು ತನಗೆ ವ್ಯಭಿಚಾರಕ್ಕೆ ಅನುಮತಿ ಬೇಕೆಂದು ಕೇಳಿದ. ಕುಳಿತಿದ್ದವರೆಲ್ಲ ಅವನ ಮೇಲೆ ಮುಗಿಬಿದ್ದು ಗದರಿಸಿ ಬಾಯಿ ಮುಚ್ಚಿಸಲು ನೋಡಿದರು. ಇಂದಿನ ಯಾವುದೇ ಸಭೆಯಲ್ಲಿ ಇಂತಹ ಮಾತು ಬಂದರೆ ಹೊರಗೆ ತಳ್ಳುವವರೇ ಮುಂದೆ ಬರುತ್ತಿದ್ದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕರೆದು ಕುಳ್ಳಿರಿಸಿಕೊಂಡರು. ಅದನ್ನು ನಿನ್ನ ತಾಯಿಯ ವಿಷಯದಲ್ಲಿ ಒಪ್ಪುವೆಯಾ ಎಂದು ಕೇಳಿದರು. ಇಲ್ಲವೆಂದ. ಮಗಳ ವಿಷಯದಲ್ಲಿ? ಸಹೋದರಿಯ ವಿಷಯದಲ್ಲಿ? ಸೋದರತ್ತೆ, ಚಿಕ್ಕಮ್ಮಂದಿರ ವಿಷಯದಲ್ಲಿ? ಪ್ರತಿಬಾರಿಯೂ ಅವನು ಇಲ್ಲವೆಂದ. ಹಾಗೆಯೇ ಇತರರೂ ತಮ್ಮವರ ವಿಷಯದಲ್ಲಿ ಒಪ್ಪಲಾರರೆಂದು ಪ್ರತಿಬಾರಿಯೂ ತಿಳಿಹೇಳಿದರು. ಆ ಬಳಿಕ ಅವನ ಮೇಲೆ ಕೈಯಿರಿಸಿ ಪಾಪಕ್ಷಮೆಗಾಗಿ, ಹೃದಯಶುದ್ಧಿಗಾಗಿ ಪ್ರಾರ್ಥಿಸಿದರು. ಮುಂದೆ ಆ ಯುವಕ ಅತ್ತ ತಿರುಗಿಯೂ ನೋಡಲಿಲ್ಲ.

ಇಲ್ಲಿ ಒಂದು ಸಂಗತಿ ಮನಸ್ಸಿಗೆ ನಾಟಬೇಕು. ಅವನನ್ನು ಬಾಯಿ ಮುಚ್ಚಿಸಿ ಕಳುಹಿಸಿದ್ದರೆ ಆಸೆ ಅವನೊಳಗೇ ಉಳಿದು ಅವನ ಜೊತೆಗೇ ಬೀದಿಗೆ ಹೋಗುತ್ತಿತ್ತು. ಮಾತು ಹೊರಗೆ ಬಂದುದರಿಂದಲೇ ಔಷಧ ಕೊಡಲು ಸಾಧ್ಯವಾಯಿತು. ನಮ್ಮ ಹದಿಹರೆಯದ ಮಕ್ಕಳಿಗೆ ಪ್ರಶ್ನೆಗಳಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ದೇವನ ಅಸ್ತಿತ್ವದ ಬಗ್ಗೆ, ವಿಧಿಯ ಬಗ್ಗೆ, ಗಂಡು ಹೆಣ್ಣಿನ ಸಂಬಂಧದ ಬಗ್ಗೆ, ವಿಜ್ಞಾನದ ಪಾಠಕ್ಕೂ ಮದ್ರಸದ ಪಾಠಕ್ಕೂ ತಾಳೆಯಾಗದ್ದರ ಬಗ್ಗೆ ಅವರ ತಲೆಯೊಳಗೆ ಸಂಶಯಗಳು ತುಂಬಿರುತ್ತವೆ. ಹತ್ತನೆಯ ವಯಸ್ಸಿನಲ್ಲಿ ಉಸ್ತಾದರ ಮುಂದೆ ಬಾಯಿ ಮುಚ್ಚಿಸಿಕೊಂಡ ಮಗು ಹದಿನಾರನೆಯ ವಯಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಅಂಗೈಯಲ್ಲಿರುವ ಮೊಬೈಲ್ ಫೋನಿಗೆ ಕೇಳುತ್ತದೆ. ಅಲ್ಲಿ ಉತ್ತರಿಸುವವರು ಯಾರು, ಅವರ ಉದ್ದೇಶವೇನು ಎಂಬುದು ಮಗುವಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಹಝ್ರತ್ ಉಮರ್(ರ) ತಮ್ಮ ಮಗನಿಗೆ ಹೇಳಿದ್ದನ್ನು ಆಡಳಿತದಲ್ಲೂ ನಡೆಸಿ ತೋರಿಸಿದರು. ಖಲೀಫರಾಗಿದ್ದಾಗ ಬದ್ರ್ ಸಮರದಲ್ಲಿ ಭಾಗವಹಿಸಿದ ಹಿರಿಯರ ಸಾಲಿನಲ್ಲಿ ತರುಣ ಅಬ್ದುಲ್ಲಾ ಇಬ್ನು ಅಬ್ಬಾಸ್(ರ)ರನ್ನು ಕುಳ್ಳಿರಿಸುತ್ತಿದ್ದರು. ನಮಗೂ ಇವನ ಪ್ರಾಯದ ಮಕ್ಕಳಿದ್ದಾರಲ್ಲ ಎಂದು ಕೆಲವರು ಆಕ್ಷೇಪಿಸಿದರು. ಆಗ ಉಮರ್(ರ) ಅನ್ನಸ್ರ್ ಅಧ್ಯಾಯದ ಇಂಗಿತವೇನೆಂದು ಸಭೆಯನ್ನು ಕೇಳಿದರು. ವಿಜಯ ದೊರೆತಾಗ ದೇವನನ್ನು ಸ್ತುತಿಸಿ ಕ್ಷಮೆ ಬೇಡಬೇಕೆಂದು ಕೆಲವರು ಹೇಳಿದರೆ ಕೆಲವರು ಸುಮ್ಮನಿದ್ದರು. ಅದು ಪ್ರವಾದಿವರ್ಯರ(ಸ) ಅಗಲಿಕೆಯ ಮುನ್ಸೂಚನೆಯೆಂದು ಇಬ್ನು ಅಬ್ಬಾಸ್(ರ) ತಿಳಿಸಿದರು. ನನಗೆ ತಿಳಿದಿರುವುದೂ ಇಷ್ಟೇ ಎಂದರು ಉಮರ್(ರ). ಇನ್ನೊಮ್ಮೆ ಅಲ್ ಬಕರಾ ಅಧ್ಯಾಯದ ತೋಟದ ಉಪಮೆಯ ಬಗ್ಗೆ ಕೇಳಿದಾಗ ದೇವನೇ ಬಲ್ಲ ಎಂಬ ಉತ್ತರ ಬಂತು. ತಿಳಿದಿದೆ ಅಥವಾ ತಿಳಿದಿಲ್ಲ ಎಂದು ನೇರವಾಗಿ ಹೇಳಿರೆಂದು ಉಮರ್(ರ) ಸಿಟ್ಟಾದರು. ತನ್ನ ಮನಸ್ಸಿನಲ್ಲಿ ಒಂದು ವಿಚಾರವಿದೆಯೆಂದು ಇಬ್ನು ಅಬ್ಬಾಸ್(ರ) ಮೆಲ್ಲಗೆ ಸೂಚಿಸಿದಾಗ, ಸಹೋದರಪುತ್ರನೇ ಎಂದು ಕರೆದು, ನಿನ್ನನ್ನು ನೀನೇ ಕೀಳಾಗಿ ಕಾಣದೆ ಹೇಳಿಬಿಡು ಎಂದು ಧೈರ್ಯ ತುಂಬಿದರು. ನಮ್ಮ ಎಷ್ಟು ಮಕ್ಕಳು ತಮ್ಮ ಹದಿನೈದು ವರ್ಷಗಳ ವಿದ್ಯಾಭ್ಯಾಸದಲ್ಲಿ ಇಂತಹ ಒಂದು ಮಾತನ್ನು ಅಧ್ಯಾಪಕರ ಬಾಯಿಯಿಂದ ಕೇಳಿರಬಹುದು?

ಗುರುವಿನೊಡನೆ ಭಿನ್ನಾಭಿಪ್ರಾಯ

ಪ್ರಶ್ನೆ ಕೇಳುವುದು ಒಂದು ಹಂತ. ಗುರುವಿನ ನಿಲುವಿಗೆ ವಿರುದ್ಧವಾದ ನಿಲುವನ್ನು ಮುಂದಿಡುವುದು ಇನ್ನೂ ಮೇಲಿನ ಹಂತ. ನಮ್ಮ ಮದ್‌ಹಬ್‌ಗಳು ಬೆಳೆದು ಬಂದುದೇ ಈ ಎರಡನೆಯ ಹಂತದಲ್ಲಿ ಎಂಬುದನ್ನು ನಾವು ಮರೆತಿದ್ದೇವೆ.

ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ(ರ) (ಕ್ರಿ.ಶ. 699-767) ಪಾಠ ನಡೆಸುತ್ತಿದ್ದ ರೀತಿ ನಮ್ಮ ತರಗತಿಗಳಂತೆ ಇರಲಿಲ್ಲ. ಒಂದು ಸಮಸ್ಯೆಯನ್ನು ಮುಂದಿಡುತ್ತಿದ್ದರು. ಶಿಷ್ಯರು ತಮ್ಮ ತಮ್ಮ ಅಭಿಪ್ರಾಯವನ್ನೂ ಆಧಾರವನ್ನೂ ಹೇಳುತ್ತಿದ್ದರು, ಗುರುವಿನ ವಾದವನ್ನೂ ಖಂಡಿಸುತ್ತಿದ್ದರು. ಚರ್ಚೆ ಕೆಲವೊಮ್ಮೆ ದಿನಗಟ್ಟಲೆ ಸಾಗುತ್ತಿತ್ತು, ಒಂದು ತೀರ್ಮಾನ ಆದಮೇಲೆಯೇ ಅದನ್ನು ಬರೆದಿಡಲಾಗುತ್ತಿತ್ತು. ಅವರ ಶಿಷ್ಯರಲ್ಲಿ ಇಮಾಮ್ ಅಬೂ ಯೂಸುಫ್(ರ) ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು. ಇಮಾಮ್ ಮುಹಮ್ಮದ್ ಶೈಬಾನಿ(ರ) ಗುರುವಿನ ಚಿಂತನೆಗಳನ್ನು ಗ್ರಂಥಗಳಲ್ಲಿ ದಾಖಲಿಸಿದರು. ದಾಖಲಿಸುವಾಗ ಎಲ್ಲೆಲ್ಲಿ ತಾನು ಗುರುವನ್ನು ಒಪ್ಪುವುದಿಲ್ಲವೋ ಅಲ್ಲಲ್ಲಿ ಅದನ್ನೂ ಜೊತೆಯಲ್ಲೇ ಬರೆದರು. ಗದ್ದೆಯನ್ನು ಫಸಲಿನ ಪಾಲಿಗೆ ಗೇಣಿ ಕೊಡುವುದನ್ನು ಅಬೂ ಹನೀಫಾ(ರ) ಒಪ್ಪಲಿಲ್ಲ, ಇಬ್ಬರು ಶಿಷ್ಯರು ಒಪ್ಪಿದರು. ಮದ್‌ಹಬ್‌ನಲ್ಲಿ ಫತ್ವಾ ನಿಂತಿರುವುದು ಶಿಷ್ಯರ ಅಭಿಪ್ರಾಯದ ಮೇಲೆ. ಒಮ್ಮೆ ವಕ್ಫ್ ಮಾಡಿದ ಜಮೀನನ್ನು ಮರಳಿ ಪಡೆಯಬಹುದೇ ಎಂಬ ಪ್ರಶ್ನೆಯಲ್ಲೂ ಸಾಮಾನ್ಯವಾಗಿ ಸ್ವೀಕೃತವಾದುದು ಪಡೆಯಲಾಗದು ಎಂಬ ಶಿಷ್ಯರ ನಿಲುವೇ. ಆ ತರಗತಿಯಲ್ಲಿ ಅವರ ಬಾಯಿ ಮುಚ್ಚಿಸಿದ್ದರೆ ಹನಫಿ ಫಿಕ್‌ಹ್ ಇಂದಿನ ರೂಪದಲ್ಲಿ ಇರುತ್ತಿರಲಿಲ್ಲ.

ಒಳನಾಡಿನ ನಮ್ಮವರು ಹೆಚ್ಚಾಗಿ ಹನಫಿಗಳಾದರೆ ಕರಾವಳಿಯಲ್ಲಿ ಶಾಫಿಈಗಳೇ ಹೆಚ್ಚು. ಅವರ ಇಮಾಮರ ಕಥೆಯೂ ಬೇರೆಯಲ್ಲ. ಇಮಾಮ್ ಶಾಫಿಈ(ರ) ಮದೀನದಲ್ಲಿ ಇಮಾಮ್ ಮಾಲಿಕ್(ರ)ರ ಶಿಷ್ಯರಾಗಿದ್ದರು. ಇರಾಕಿನಲ್ಲಿ ಮುಹಮ್ಮದ್ ಶೈಬಾನಿ(ರ)ಯವರಿಂದಲೂ ಕಲಿತರು, ಅವರೊಡನೆ ವಾದವನ್ನೂ ಮಾಡಿದರು. ಮಾಲಿಕ್(ರ)ರನ್ನು ಜೀವನಪೂರ್ತಿ ಗೌರವದಿಂದ ಸ್ಮರಿಸಿದ ಅವರೇ, ಮಾಲಿಕ್(ರ)ರ ಯಾವ ಯಾವ ಅಭಿಪ್ರಾಯಗಳನ್ನು ತಾನು ಒಪ್ಪುವುದಿಲ್ಲವೆಂದು ಸವಿಸ್ತಾರವಾಗಿ ಬರೆದಿದ್ದಾರೆ. ಗೌರವ ಮತ್ತು ಭಿನ್ನಾಭಿಪ್ರಾಯ ಒಂದೇ ಎದೆಯಲ್ಲಿ ಜೊತೆಯಾಗಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೇ? ಇಂದು ಆ ಇಮಾಮರ ಹೆಸರು ಹೇಳಿಕೊಂಡೇ ನಾವು ಮಕ್ಕಳಿಗೆ ಎದುರು ಮಾತಾಡಬೇಡ ಎನ್ನುತ್ತಿದ್ದೇವೆ.

ಮೌನದ ಬೆಲೆ

ಮೌನವಾಗಿರುವ ತರಗತಿಯ ಫಲವೇನೆಂದು ತಿಳಿಯಲು ಇತಿಹಾಸಕಾರ ಇಬ್ನು ಖಲ್ದೂನ್‌ರನ್ನು ಓದಬೇಕು. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿ 1406ರಲ್ಲಿ ಕೈರೋದಲ್ಲಿ ನಿಧನರಾದ ಇವರು 1377ರಲ್ಲಿ ಬರೆದ ಮುಕದ್ದಿಮಾ ಗ್ರಂಥದಲ್ಲಿ ತಮ್ಮ ಕಾಲದ ಶಿಕ್ಷಣದ ಸ್ಥಿತಿಯನ್ನು ವಿಮರ್ಶಿಸಿದ್ದಾರೆ. ಕುರ್ತುಬಾ ಮತ್ತು ಕೈರವಾನ್ ನಗರಗಳು ಹಾಳಾದ ಬಳಿಕ ಮಗ್‌ರಿಬ್ ಪ್ರದೇಶದಲ್ಲಿ ಉತ್ತಮ ಬೋಧನೆಯ ಪರಂಪರೆ ಕಡಿದುಹೋಯಿತು. ಅಲ್ಲಿನ ವಿದ್ಯಾರ್ಥಿಗಳು ಆಯುಷ್ಯದ ದೊಡ್ಡ ಭಾಗವನ್ನು ವಿದ್ವತ್ಸಭೆಗಳಲ್ಲಿ ಕಳೆಯುತ್ತಾರೆ, ಆದರೆ ಮಾತಾಡುವುದಿಲ್ಲ, ಚರ್ಚಿಸುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಕಂಠಪಾಠದಲ್ಲೇ ಮಗ್ನರಾಗಿರುತ್ತಾರೆ. ವಿದ್ಯೆ ಪೂರ್ತಿಯಾಯಿತೆಂದು ತಿಳಿದವರೂ ವಾದಿಸಬೇಕಾದ ಅಥವಾ ಕಲಿಸಬೇಕಾದ ಸಂದರ್ಭ ಬಂದಾಗ ತಡವರಿಸುತ್ತಾರೆ ಎಂಬುದು ಅವರ ಅವಲೋಕನ. ಮೊರೊಕ್ಕೋದ ಮದ್ರಸಗಳಲ್ಲಿ ವಿದ್ಯಾರ್ಥಿಗೆ ನಿಗದಿಯಾದ ಅವಧಿ 16 ವರ್ಷಗಳಾಗಿದ್ದರೆ ಟ್ಯೂನಿಸ್‌ನಲ್ಲಿ 5 ವರ್ಷಗಳು. ಅಷ್ಟೊಂದು ದೀರ್ಘ ಅವಧಿ ಬೇಕಾದುದಕ್ಕೆ ಬೋಧನೆಯ ದೋಷವನ್ನೇ ಅವರು ಕಾರಣವಾಗಿ ತೋರಿಸುತ್ತಾರೆ. ನಾಲಿಗೆ ಪಳಗಿ ಚರ್ಚೆಯಲ್ಲಿ ತೊಡಗುವುದೇ ವಿದ್ಯೆಯನ್ನು ಕೈವಶ ಮಾಡಿಕೊಳ್ಳುವ ಸುಲಭ ದಾರಿಯೆಂಬುದು ಅವರ ನಿರ್ಣಯ.

ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ ಮಕ್ಕಳ ಮೇಲಿನ ಕಠೋರತೆಯ ಪರಿಣಾಮವನ್ನು ವಿವರಿಸುತ್ತಾರೆ. ದಬ್ಬಾಳಿಕೆಯಲ್ಲಿ ಬೆಳೆದ ಮಗು ಉತ್ಸಾಹ ಕಳಕೊಳ್ಳುತ್ತದೆ, ಸೋಮಾರಿಯಾಗುತ್ತದೆ, ಶಿಕ್ಷೆಯ ಭಯದಿಂದ ಮನಸ್ಸಿನಲ್ಲಿ ಒಂದು, ಹೊರಗೆ ಒಂದು ಎಂಬಂತೆ ವರ್ತಿಸಲು ಕಲಿಯುತ್ತದೆ ಎನ್ನುತ್ತಾರೆ. ಆರು ಶತಮಾನಗಳ ಹಿಂದಿನ ಈ ಮಾತನ್ನು ನಮ್ಮ ಮಕ್ಕಳ ಮುಖ ನೋಡಿ ಬರೆದಂತಿದೆ. ಅಧ್ಯಾಪಕರ ಮುಂದೆ ತಲೆಯಾಡಿಸಿ ಹೊರಗೆ ಬಂದು ಅವರನ್ನೇ ಅಣಕಿಸುವ ಹುಡುಗರನ್ನು ಯಾರು ನೋಡಿಲ್ಲ? ಆ ಇಬ್ಬಂದಿತನವನ್ನು ಕಲಿಸಿದ್ದು ಬೀದಿಯಲ್ಲ, ತರಗತಿಯ ಭಯ.

ಗುರುಭಕ್ತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಝರ್ನೂಜಿಯವರ ತಅ್‌ಲೀಮುಲ್ ಮುತಅಲ್ಲಿಮ್ ಕೃತಿಯನ್ನು ಆಧರಿಸುತ್ತಾರೆ. ಗುರುವಿನ ಮುಂದೆ ನಡೆಯದಿರುವುದು, ಅವರ ಜಾಗದಲ್ಲಿ ಕೂರದಿರುವುದು, ಅನುಮತಿಯಿಲ್ಲದೆ ಮಾತಿಗೆ ತೊಡಗದಿರುವುದು ಎಲ್ಲವೂ ಅದರಲ್ಲಿದೆ. ಆದರೆ ಅದೇ ಕೃತಿಯಲ್ಲಿ ವಿದ್ಯಾರ್ಥಿಗೆ ಚರ್ಚೆ, ವಾದ, ಪರಸ್ಪರ ಪ್ರಶ್ನೋತ್ತರ ಅನಿವಾರ್ಯವೆಂದೂ, ಅದನ್ನು ಸಿಟ್ಟಿಲ್ಲದೆ ನ್ಯಾಯಬುದ್ಧಿಯಿಂದ ನಡೆಸಬೇಕೆಂದೂ, ಎದುರಾಳಿಯನ್ನು ಸೋಲಿಸುವ ಉದ್ದೇಶವಿದ್ದರೆ ಅದು ಸಲ್ಲದೆಂದೂ ಹೇಳಲಾಗಿದೆ. ಮೊದಲರ್ಧವನ್ನು ಮಾತ್ರ ಉಳಿಸಿಕೊಂಡು ಉಳಿದರ್ಧವನ್ನು ನಾವು ಕೈಬಿಟ್ಟೆವು.

ಕಾನೂನು ಏನು ಹೇಳುತ್ತದೆ?

ಪೋಷಕರಿಗೆ ಇದೂ ತಿಳಿದಿರಲಿ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತನ್ನದೇ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ವ್ಯಕ್ತಪಡಿಸುವ ಹಕ್ಕು ಇದೆಯೆಂದೂ, ಪ್ರಾಯ ಮತ್ತು ಪ್ರೌಢತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕೆಂದೂ ಹೇಳುತ್ತದೆ. ಭಾರತ 1992ರಲ್ಲಿ ಈ ಒಡಂಬಡಿಕೆಗೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೇ ಕಲಮು ಪಠ್ಯಕ್ರಮವು ಮಗುವನ್ನು ಭಯದಿಂದ ಮುಕ್ತಗೊಳಿಸಿ ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದು ವಿಧಿಸಿದೆ. ಆದರೆ 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳಿಗೂ ವೇದ ಪಾಠಶಾಲೆಗಳಿಗೂ ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಇತರ ಸಂಸ್ಥೆಗಳಿಗೂ ಈ ಕಾಯಿದೆ ಅನ್ವಯಿಸುವುದಿಲ್ಲ. ಅರ್ಥಾತ್ ಶಾಲೆಯಲ್ಲಿ ಮಗುವಿನ ಮಾತಿಗಿರುವ ಈ ಕಾಯಿದೆಯ ರಕ್ಷಣೆ ಮದ್ರಸದ ಬಾಗಿಲಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಒಳಗೆ ಆ ಹೊಣೆ ನಮ್ಮ ಜಮಾಅತ್‌ಗಳದ್ದು. ಸರಕಾರ ಕೇಳುವುದಿಲ್ಲವೆಂದು ಅಲ್ಲಾಹನೂ ಕೇಳುವುದಿಲ್ಲವೇ?

ಮಾತಾಡುವ ಹಕ್ಕಿನೊಳಗೆ ಮಾತಾಡದಿರುವ ಹಕ್ಕೂ ಸೇರಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಸುಪ್ರೀಂ ಕೋರ್ಟಿನ ಪೀಠವು ಅದು ಅವರ ವಾಕ್ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆಯೆಂದು ತೀರ್ಪಿತ್ತು ಅವರನ್ನು ಮರಳಿ ಸೇರಿಸಲು ಆಜ್ಞಾಪಿಸಿತು. ನಮ್ಮವರು ನಡೆಸುವ ಶಾಲೆಗಳಲ್ಲಿ ಇತರ ಧರ್ಮಗಳ ಮಕ್ಕಳೂ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಬಯಸುವ ಸ್ಥಾನವನ್ನು ಆ ಮಕ್ಕಳಿಗೂ ಕೊಡುತ್ತಿದ್ದೇವೆಯೇ ಎಂದು ಆಡಳಿತ ಸಮಿತಿಯವರು ಒಮ್ಮೆ ಯೋಚಿಸಬೇಕು.

ಪಠ್ಯಪುಸ್ತಕದ ಒಂದು ವಾಕ್ಯ

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಚರಿತ್ರೆಯ ಪಾಠದಲ್ಲಿ ಪ್ರವಾದಿ ಮುಹಮ್ಮದ್(ಸ)ರನ್ನು ಇಸ್ಲಾಂ ಧರ್ಮದ ಸ್ಥಾಪಕರೆಂದು ಬರೆಯುವುದು ವಾಡಿಕೆ. ಮದ್ರಸದಲ್ಲಿ ಮಗು ಕಲಿತಿರುವುದು ಬೇರೆ. ಮೊದಲ ಮನುಷ್ಯ ಆದಮ(ಅ)ರಿಂದಲೇ ಇಸ್ಲಾಮ್ ಆರಂಭವಾಯಿತು, ಮುಹಮ್ಮದ್(ಸ) ಅಂತಿಮ ಪ್ರವಾದಿ. ತರಗತಿಯಲ್ಲಿ ಆ ವಾಕ್ಯ ಬಂದಾಗ ಮಗುವಿನ ಎದೆ ಒಮ್ಮೆ ಧಡಕ್ಕೆನ್ನುತ್ತದೆ. ಅದರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಸುಮ್ಮನಿದ್ದು ಮನೆಗೆ ಬಂದು ಟೀಚರ್ ನಮ್ಮ ದೀನನ್ನು ತಪ್ಪಾಗಿ ಹೇಳಿದರೆಂದು ದೂರುವುದು. ಇನ್ನೊಂದು, ಎದ್ದು ನಿಂತು ಜಗಳದ ದನಿಯಲ್ಲಿ ನೀವು ಹೇಳಿದ್ದು ಸುಳ್ಳು ಎನ್ನುವುದು. ಮೊದಲನೆಯದರಿಂದ ಕಹಿ ಉಳಿಯುತ್ತದೆ, ಎರಡನೆಯದರಿಂದ ಬಾಗಿಲು ಮುಚ್ಚುತ್ತದೆ.

ಮೂರನೆಯ ದಾರಿಯನ್ನು ನಾವು ಕಲಿಸಿಲ್ಲ. ಕೈಯೆತ್ತಿ ಅನುಮತಿ ಕೇಳಿ, ಪುಸ್ತಕದಲ್ಲಿ ಹೀಗಿದೆ ಸರ್, ಮುಸ್ಲಿಮರಾದ ನಾವು ನಂಬುವುದು ಹೀಗೆ ಎಂದು ಎರಡು ವಾಕ್ಯದಲ್ಲಿ ಹೇಳಿ ಕೂರುವುದು. ಇತಿಹಾಸಕಾರರು ಒಂದು ಘಟನೆಯನ್ನು ನೋಡುವ ಬಗೆ, ಅನುಯಾಯಿಗಳು ಅದನ್ನು ನಂಬುವ ಬಗೆ ಬೇರೆ ಬೇರೆಯಾಗಿರಬಹುದೆಂದು ಇಡೀ ತರಗತಿಗೆ ಅಂದು ತಿಳಿಯುತ್ತದೆ. ಹೆಚ್ಚಿನ ಅಧ್ಯಾಪಕರು ಇಂತಹ ಮಾತನ್ನು ಸಂತೋಷದಿಂದಲೇ ಕೇಳುತ್ತಾರೆ, ಅವರಿಗೆ ಅದನ್ನು ಹೇಳಿದವರೇ ಇರುವುದಿಲ್ಲ. ಮುಂದಿನ ಪಾಠದಲ್ಲಿ ಬೌದ್ಧ ಅಥವಾ ಲಿಂಗಾಯತ ಮಗು ತನ್ನ ನಂಬಿಕೆಯ ಬಗ್ಗೆ ಹೀಗೆಯೇ ಎದ್ದು ಹೇಳಿದಾಗ ಕೇಳಿಸಿಕೊಳ್ಳುವ ಸಹನೆ ನಮ್ಮ ಮಗುವಿಗೂ ಇರಬೇಕು. ಇನ್ನು, ಹೇಳಿದ ಮಾತಿಗೆ ಆಧಾರ ಕೇಳಿದರೆ ಕೊಡಲು ಸಿದ್ಧವಾಗಿರಬೇಕು. ಓದದೆ ಆಡುವ ಮಾತು, ಸಹಪಾಠಿಯನ್ನು ಹೀಯಾಳಿಸುವ ಮಾತು, ಅಧ್ಯಾಪಕರನ್ನು ಸಿಕ್ಕಿಸಿಹಾಕಿ ಗೆಳೆಯರನ್ನು ನಗಿಸುವ ಮಾತು, ಇವಕ್ಕೆ ಹಕ್ಕಿನ ಹೆಸರು ಸಲ್ಲದು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ನಮ್ಮ ಸಮುದಾಯದಲ್ಲಿ ಸದ್ಯಕ್ಕೆ ಅತಿಯಾಗಿ ಮಾತಾಡುವ ವಿದ್ಯಾರ್ಥಿಗಳ ಸಮಸ್ಯೆ ಅಷ್ಟಾಗಿ ಇಲ್ಲ.

ಅಧ್ಯಾಪಕರ ಅಳುಕು ಬೇರೆ ತೆರನಾದದ್ದು. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುವುದೆಂಬ ಭಯ ಅದು. ದೂರದೂರಿಂದ ಪ್ರಯಾಣ ಮಾಡಿ ಬಂದವರು ಕೇಳಿದ ಹಲವು ಪ್ರಶ್ನೆಗಳಿಗೆ ಇಮಾಮ್ ಮಾಲಿಕ್(ರ) ತನಗೆ ತಿಳಿಯದೆಂದು ಉತ್ತರಿಸಿ ಕಳುಹಿಸುತ್ತಿದ್ದರು. ಅದರಿಂದ ಅವರ ಮರ್ಯಾದೆ ಕಡಿಮೆಯಾಗಲಿಲ್ಲ. ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಹೇಳಿ, ಮರುದಿನ ಮರೆಯದೆ ಹೇಳುವ ಉಸ್ತಾದರನ್ನು ಮಕ್ಕಳು ಮರೆಯುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗಂಡುಮಕ್ಕಳಿಗೆ ಹೇಳುವ ಸುಮ್ಮನಿರು ಎಂಬುದು ಅವರಿಗೆ ಎರಡು ಪಾಲು. ನಾಚಿಕೆಯು ಅನ್ಸಾರ್ ಮಹಿಳೆಯರನ್ನು ದೀನಿನ ತಿಳಿವಳಿಕೆ ಪಡೆಯುವುದರಿಂದ ತಡೆಯಲಿಲ್ಲವೆಂದು ಹಝ್ರತ್ ಆಇಶಾ(ರ) ಅವರನ್ನು ಪ್ರಶಂಸಿಸಿದ್ದಾರೆ. ಪುರುಷರೇ ತಮ್ಮ ಸಮಯವನ್ನೆಲ್ಲ ತೆಗೆದುಕೊಳ್ಳುತ್ತಿದ್ದಾರೆ, ನಮಗಾಗಿ ಒಂದು ದಿನ ಗೊತ್ತುಪಡಿಸಿರೆಂದು ಮಹಿಳೆಯರು ಪ್ರವಾದಿವರ್ಯರಲ್ಲಿ(ಸ) ನೇರವಾಗಿ ಕೇಳಿಕೊಂಡರು. ಪ್ರವಾದಿವರ್ಯರು(ಸ) ದಿನ ನಿಗದಿಪಡಿಸಿ, ಹೋಗಿ, ಅವರಿಗೆ ಬೋಧಿಸಿದರು. ಪಾಠದ ವೇಳಾಪಟ್ಟಿಯ ಬಗ್ಗೆಯೇ ವಿದ್ಯಾರ್ಥಿನಿಯರು ದೂರಿದರು, ಪಟ್ಟಿ ಬದಲಾಯಿತು.

ಇನ್ನೊಂದು ತೊಡಕು ಭಾಷೆಯದು. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತಾಡಿ ಶಾಲೆಯಲ್ಲಿ ಕನ್ನಡಕ್ಕೋ ಇಂಗ್ಲಿಷಿಗೋ ಹೊರಳಬೇಕಾಗುತ್ತದೆ. ತಲೆಯಲ್ಲಿ ಪ್ರಶ್ನೆ ಇದೆ, ಬಾಯಲ್ಲಿ ವಾಕ್ಯ ಇಲ್ಲ. ಒಮ್ಮೆ ಶಬ್ದ ತಪ್ಪಾಗಿ ತರಗತಿ ನಕ್ಕಿತೆಂದರೆ ಆ ವರ್ಷ ಪೂರ್ತಿ ಮಗು ಕೈಯೆತ್ತುವುದಿಲ್ಲ. ಅದನ್ನು ದಡ್ಡತನವೆಂದು ಅಧ್ಯಾಪಕರೂ ವಿನಯವೆಂದು ತಂದೆತಾಯಿಗಳೂ ತಿಳಿದುಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ, ಅದರ ಬಗ್ಗೆ ನಿನಗೇನನಿಸುತ್ತದೆಂದು ಕನ್ನಡದಲ್ಲೇ ಕೇಳಿದರೆ ಈ ತೊಡಕು ಬಹುಮಟ್ಟಿಗೆ ಬಿಡಿಸಿಹೋಗುತ್ತದೆ. ರಾತ್ರಿ ಊಟದ ಹೊತ್ತು ಇದಕ್ಕೆ ಸಾಕು. ಮಗು ಹೇಳಿದ್ದು ತಪ್ಪಾಗಿದ್ದರೆ ಪೂರ್ತಿ ಹೇಳಿ ಮುಗಿಸಿದ ಮೇಲೆ ತಿದ್ದಿರಿ, ನಡುವೆ ತಡೆಯಬೇಡಿರಿ.

ಮದ್ರಸದ ಆಡಳಿತ ಸಮಿತಿಯಲ್ಲಿರುವವರು ಒಂದು ಕೆಲಸ ಮಾಡಬಹುದು. ಪ್ರತಿದಿನದ ಪಾಠದ ಕೊನೆಯ ಹತ್ತು ನಿಮಿಷಗಳನ್ನು ಮಕ್ಕಳ ಪ್ರಶ್ನೆಗಳಿಗೆಂದು ಬಿಟ್ಟುಕೊಡುವಂತೆ ಉಸ್ತಾದರನ್ನು ವಿನಂತಿಸಿರಿ. ಎದ್ದು ಕೇಳಲು ನಾಚುವ ಮಕ್ಕಳು ಚೀಟಿಯಲ್ಲಿ ಬರೆದುಕೊಡಲಿ, ಹೆಸರು ಹಾಕಬೇಕೆಂದಿಲ್ಲ. ವಾರ್ಷಿಕ ಸಭೆಯಲ್ಲಿ ಚೆನ್ನಾಗಿ ಓದಿ ಒಪ್ಪಿಸಿದ ಮಗುವಿಗೆ ಬಹುಮಾನ ಕೊಡುವ ರೂಢಿ ಎಲ್ಲೆಡೆ ಇದೆ. ಆ ವರ್ಷ ಉಸ್ತಾದರು ಪುಸ್ತಕ ತೆರೆದು ನೋಡಬೇಕಾಗಿ ಬಂದಂತಹ ಪ್ರಶ್ನೆ ಕೇಳಿದ ಮಗುವಿಗೂ ಒಂದು ಬಹುಮಾನ ಇಟ್ಟು, ಅದನ್ನು ಉಸ್ತಾದರ ಕೈಯಿಂದಲೇ ಕೊಡಿಸಿರಿ.